ಮೂರು ದೇಶಗಳ ವಿದ್ಯಾರ್ಥಿವೇತನ, ಏಪ್ರಿಲ್ 15ರ ಗಡುವು: ಯಾವುದನ್ನು ಒಪ್ಪಿಕೊಳ್ಳಲಿ?

ಚನ್ನಗಿರಿ ಹುಡುಗಿ

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆ ಜಿಲ್ಲೆಯವಳು. ವಿಟಿಯುಗೆ ಸೇರಿದ ಕಾಲೇಜಿನಲ್ಲಿ ಸಿವಿಲ್ ಎಂಜಿನಿಯರಿಂಗ್ ಮುಗಿಸಿ, ಬೆಂಗಳೂರಿನ ಒಂದು ಸಲಹಾ ಸಂಸ್ಥೆಯಲ್ಲಿ ನೀರು ಸರಬರಾಜು ಯೋಜನೆಗಳ ಕೆಲಸ ಮಾಡುತ್ತಿದ್ದೇನೆ. ಓದುವುದಾದರೆ ಅಂತರ್ಜಲವನ್ನೇ ಓದಬೇಕೆಂಬುದು ನನ್ನ ಹಟ. ನಮ್ಮದು ಅಡಿಕೆ ತೋಟ. ನಾನು ಪ್ರಾಥಮಿಕ ಶಾಲೆಗೆ ಹೋಗುತ್ತಿದ್ದಾಗ ನೀರು ಕೊಡುತ್ತಿದ್ದ ಕೊಳವೆಬಾವಿಗಳೆಲ್ಲ ಈಗ ಬತ್ತಿವೆ. ಅಪ್ಪ ಸಾಲ ಮಾಡಿ ಮತ್ತೆ ಮತ್ತೆ ಕೊರೆಸಿದ್ದಾರೆ.

ಕೈಯಲ್ಲಿ ಮೂರು ಪತ್ರಗಳಿವೆ.

ಯುರೋಪಿನ ಎರಾಸ್ಮಸ್ ಮುಂಡಸ್ ವಿದ್ಯಾರ್ಥಿವೇತನ: ಅಂತರ್ಜಲದ ಎರಡು ವರ್ಷದ ಸ್ನಾತಕೋತ್ತರ. ಲಿಸ್ಬನ್, ಡೆಲ್ಫ್ಟ್, ಡ್ರೆಸ್ಡೆನ್ ಮೂರೂ ಕಡೆ ಓದು. ಶುಲ್ಕವಿಲ್ಲ, ತಿಂಗಳಿಗೆ 1,400 ಯೂರೋ.

ಅಮೆರಿಕದ ಮಧ್ಯಭಾಗದ ಒಂದು ರಾಜ್ಯ ವಿಶ್ವವಿದ್ಯಾಲಯದಲ್ಲಿ ನೇರ ಪಿಎಚ್‌ಡಿ. ಬೋಧನಾ ಶುಲ್ಕ ಮನ್ನಾ, ಸಂಶೋಧನಾ ಸಹಾಯಕಿಯಾಗಿ 24,000 ಡಾಲರ್. ಅಲ್ಲಿನ ಓಗಲಾಲಾ ಎಂಬ ದೊಡ್ಡ ಅಂತರ್ಜಲ ಪದರದ ಮೇಲೆ ಕೆಲಸ. ಐದು ವರ್ಷ.

ಜಪಾನ್ ಸರ್ಕಾರದ ಮೆಕ್ಸ್ಟ್ ವಿದ್ಯಾರ್ಥಿವೇತನ, ವಿಶ್ವವಿದ್ಯಾಲಯದ ಶಿಫಾರಸಿನ ಮೂಲಕ. ಸ್ನಾತಕೋತ್ತರಕ್ಕೆ ತಿಂಗಳಿಗೆ 1,44,000 ಯೆನ್, ಶುಲ್ಕವಿಲ್ಲ, ವಿಮಾನದ ಟಿಕೆಟ್ ಅವರದೇ.

ಅಮೆರಿಕದವರು ಏಪ್ರಿಲ್ 15ರೊಳಗೆ ಉತ್ತರ ಕೇಳಿದ್ದಾರೆ. ಎರಾಸ್ಮಸ್‌ನವರಿಗೆ ಅದಕ್ಕೂ ಮೊದಲೇ ತಿಳಿಸಬೇಕು. ಜಪಾನ್ ಸುರಕ್ಷಿತ ಎಂದು ಅಮ್ಮ ಹೇಳುತ್ತಾರೆ. ಕಚೇರಿಯಲ್ಲಿ ನಮ್ಮ ಮೇಲಧಿಕಾರಿ ಅಮೆರಿಕ ಎನ್ನುತ್ತಾರೆ. ಅಪ್ಪ ಕೇಳುವುದು ಒಂದೇ: ಯಾವುದಕ್ಕೆ ಸಾಲ ಬೇಕಾಗಿಲ್ಲ? ಮನೆಯಿಂದ ಒಂದು ರೂಪಾಯಿ ತರುವ ಸ್ಥಿತಿಯಲ್ಲಿ ನಾನಿಲ್ಲ. ದಯವಿಟ್ಟು ಬಲ್ಲವರು ಹೇಳಿ.

ಬಯಲುಸೀಮೆ

ಅಮೆರಿಕ. ಐದು ವರ್ಷ ಕಳೆದರೆ ಡಾಕ್ಟರೇಟ್ ಕೈಯಲ್ಲಿರುತ್ತದೆ. ಉಳಿದೆರಡರಲ್ಲಿ ಎರಡು ವರ್ಷದ ನಂತರ ಮತ್ತೆ ಅರ್ಜಿ ಹಾಕುತ್ತಾ ಕೂರಬೇಕು.

ಸುಕುಬಾ ನಿವಾಸಿ

ತಂಗಿ, ಮೊದಲು ಅಭಿನಂದನೆಗಳು. ಆದರೆ ಒಂದು ವಿಷಯ ಸ್ಪಷ್ಟಪಡಿಸಿಕೊಳ್ಳಿ. ವಿಶ್ವವಿದ್ಯಾಲಯದ ಶಿಫಾರಸು ಎಂದರೆ ಅವರು ನಿಮ್ಮ ಹೆಸರನ್ನು ಟೋಕಿಯೋದ ಮಂತ್ರಾಲಯಕ್ಕೆ ಕಳುಹಿಸಿದ್ದಾರೆ ಎಂದಷ್ಟೇ ಅರ್ಥ. ಅಂತಿಮ ಆಯ್ಕೆ ಮಂತ್ರಾಲಯದ್ದು, ಅದು ಸಾಮಾನ್ಯವಾಗಿ ಜೂನ್ ಹೊತ್ತಿಗೆ ತಿಳಿಯುತ್ತದೆ. ಶಿಫಾರಸಾದವರಲ್ಲಿ ಹೆಚ್ಚಿನವರು ಆಯ್ಕೆಯಾಗುತ್ತಾರೆ ಎಂಬ ಮಾತು ನಮ್ಮಲ್ಲಿದೆ, ನಾನೂ ಹಾಗೆಯೇ ಬಂದವನು. ಆದರೂ ಏಪ್ರಿಲ್‌ನಲ್ಲಿ ನಿಮ್ಮ ಕೈಯಲ್ಲಿರುವುದು ಎರಡೇ ಪತ್ರ. ಮೂರನೆಯದು ಇನ್ನೂ ನಿರೀಕ್ಷೆ.

ಹಣದ ವಿಚಾರ: 1,44,000 ಯೆನ್ ಸ್ನಾತಕೋತ್ತರಕ್ಕೆ ಸೇರಿದವರಿಗೆ. ಮೊದಲು ಸಂಶೋಧನಾ ವಿದ್ಯಾರ್ಥಿಯಾಗಿ ಬಂದರೆ ಆ ಅವಧಿಗೆ 1,43,000. ಕೆಲವು ಊರುಗಳಿಗೆ ಎರಡು ಮೂರು ಸಾವಿರ ಹೆಚ್ಚು ಸಿಗುತ್ತದೆ. ವಿಶ್ವವಿದ್ಯಾಲಯದ ವಸತಿಗೃಹ ದೊರೆತರೆ ಇದರಲ್ಲಿ ಆರಾಮವಾಗಿ ಬದುಕಬಹುದು, ಸ್ವಲ್ಪ ಉಳಿಯುತ್ತದೆ ಕೂಡ. ಪ್ರತಿ ತಿಂಗಳು ಕಚೇರಿಗೆ ಹೋಗಿ ಸಹಿ ಹಾಕಬೇಕು. ಹಾಕದಿದ್ದರೆ ಆ ತಿಂಗಳ ಹಣವಿಲ್ಲ. ರಜೆಗೆ ಊರಿಗೆ ಹೊರಡುವ ಮೊದಲು ಈ ದಿನಾಂಕಗಳನ್ನು ನೋಡಿಕೊಂಡೇ ಟಿಕೆಟ್ ತೆಗೆಯುತ್ತೇವೆ.

ಚನ್ನಗಿರಿ ಹುಡುಗಿ

ಧನ್ಯವಾದ ಅಣ್ಣ. ಜೂನ್ ವಿಚಾರ ಪತ್ರದ ಕೊನೆಯಲ್ಲಿ ಇತ್ತು, ಅದಕ್ಕೆ ಇಷ್ಟು ತೂಕವಿದೆ ಎಂದು ಈಗ ಗೊತ್ತಾಯಿತು.

ಲೆಕ್ಕಪತ್ರ

ಎಲ್ಲರೂ ಮೊತ್ತವನ್ನೇ ಹೋಲಿಸುತ್ತಿದ್ದೀರಿ. ಮೊತ್ತವನ್ನು ರೂಪಾಯಿಗೆ ಪರಿವರ್ತಿಸಿ ನೋಡುವುದನ್ನು ದಯವಿಟ್ಟು ಬಿಡಿ. 1,400 ಯೂರೋ ಎಂದರೆ ಒಂದೂಕಾಲು ಲಕ್ಷಕ್ಕಿಂತ ಹೆಚ್ಚು, ಊರಲ್ಲಿ ಕೇಳಿದವರ ಕಣ್ಣು ಅರಳುತ್ತದೆ. ಆದರೆ ನೀವು ಖರ್ಚು ಮಾಡುವುದು ಚನ್ನಗಿರಿಯಲ್ಲಲ್ಲ. ನೋಡಬೇಕಾದದ್ದು ಬಾಡಿಗೆ, ಆರೋಗ್ಯ ವಿಮೆ, ಕಡ್ಡಾಯ ಶುಲ್ಕ ಕಳೆದ ಮೇಲೆ ತಿಂಗಳ ಕೊನೆಗೆ ಏನು ಉಳಿಯುತ್ತದೆ ಎಂಬುದನ್ನು.

ಇನ್ನೊಂದು ಪ್ರಶ್ನೆ: ಆ 24,000 ಡಾಲರ್ ಹನ್ನೆರಡು ತಿಂಗಳಿಗೋ ಒಂಬತ್ತು ತಿಂಗಳಿಗೋ?

ಡೆಲ್ಫ್ಟ್ ಕನ್ನಡಿಗ

ಬಾಡಿಗೆಯ ಮಾತು ಬಂದದ್ದು ಒಳ್ಳೆಯದಾಯಿತು. ಡೆಲ್ಫ್ಟ್‌ನಲ್ಲಿ ಕೋಣೆ ಸಿಗುವುದೇ ದೊಡ್ಡ ಕಷ್ಟ. ನೆದರ್ಲ್ಯಾಂಡ್ಸ್‌ನಲ್ಲಿ ವಿದ್ಯಾರ್ಥಿಗಳ ವಸತಿ ಕೊರತೆ ಎಷ್ಟಿದೆಯೆಂದರೆ, ಮನೆ ನಿಗದಿಯಾಗದಿದ್ದರೆ ಹೊರಟು ಬರಬೇಡಿ ಎಂದು ಕೆಲವು ವಿಶ್ವವಿದ್ಯಾಲಯಗಳೇ ವಿದೇಶಿ ವಿದ್ಯಾರ್ಥಿಗಳಿಗೆ ಬರೆದಿದ್ದವು. ಇಲ್ಲಿ ಒಂದು ಕೋಣೆಗೆ 700 ಯೂರೋ ಕೊಟ್ಟರೂ ಅಗ್ಗ ಎನ್ನುತ್ತಾರೆ. ಡ್ರೆಸ್ಡೆನ್‌ನಲ್ಲಿ ಅದರ ಅರ್ಧಕ್ಕೆ ವಿದ್ಯಾರ್ಥಿನಿಲಯ ಸಿಗುತ್ತದೆ. ಲಿಸ್ಬನ್ ಈಚಿನ ವರ್ಷಗಳಲ್ಲಿ ದುಬಾರಿಯಾಗಿದೆ.

ಆದರೆ ತಂಗಿ ಭಯಪಡಬೇಕಾಗಿಲ್ಲ. ಡೆಲ್ಫ್ಟ್‌ನಲ್ಲಿ ನೀರಿನ ಶಿಕ್ಷಣಕ್ಕೆಂದೇ ಇರುವ ಸಂಸ್ಥೆ 1957ರಿಂದ ನಡೆಯುತ್ತಿದೆ, ಯುನೆಸ್ಕೋ ಜತೆ ನಂಟಿರುವಂಥದ್ದು. ಅಲ್ಲಿಗೆ ಬರುವವರಲ್ಲಿ ಬಹುಪಾಲು ಏಷ್ಯಾ, ಆಫ್ರಿಕಾದ ಎಂಜಿನಿಯರುಗಳು. ಎರಾಸ್ಮಸ್ ತಂಡದವರಿಗೆ ವಸತಿ ವ್ಯವಸ್ಥೆ ಯಾರು ಮಾಡುತ್ತಾರೆ ಎಂದು ಇಂದೇ ಸಂಯೋಜಕರಿಗೆ ಬರೆದು ಕೇಳಿ. ಉತ್ತರ ಲಿಖಿತವಾಗಿ ಬರಲಿ.

ಬಯಲುಸೀಮೆ

ಮೂರು ದೇಶ, ಮೂರು ಮನೆ, ಮೂರು ವೀಸಾ. ಎರಡು ವರ್ಷದಲ್ಲಿ ಓದುವುದು ಯಾವಾಗ?

ಡೆಲ್ಫ್ಟ್ ಕನ್ನಡಿಗ

ಓದುತ್ತಾರೆ, ಚೆನ್ನಾಗಿಯೇ ಓದುತ್ತಾರೆ. ಆದರೆ ನೀವು ಹೇಳಿದ ತೊಂದರೆ ಸುಳ್ಳಲ್ಲ. ಪ್ರತಿ ದೇಶದಲ್ಲೂ ವಾಸದ ಪರವಾನಗಿಯ ಕಾಗದಪತ್ರ ಬೇರೆ. ಮೊದಲೆಲ್ಲ ಎರಾಸ್ಮಸ್‌ನಲ್ಲಿ ಪ್ರಯಾಣಕ್ಕೆ ಪ್ರತ್ಯೇಕ ಹಣವಿರುತ್ತಿತ್ತು. 2021ರಿಂದ ಆರಂಭವಾದ ಅವಧಿಯಲ್ಲಿ ಎಲ್ಲವೂ ಆ 1,400ರಲ್ಲೇ: ವಿಮಾನ, ವೀಸಾ, ಹೊಸ ಊರಿನಲ್ಲಿ ನೆಲೆಯೂರುವ ಖರ್ಚು, ಊಟ. ಹೀಗಾಗಿ ಮೊದಲ ತಿಂಗಳ ಹಣ ಕೈಗೆ ಬರುವವರೆಗೆ ಟಿಕೆಟ್ಟಿಗೂ ಮುಂಗಡ ಬಾಡಿಗೆಗೂ ನಿಮ್ಮಲ್ಲೇ ಸ್ವಲ್ಪ ಹಣ ಇರಬೇಕು. ಕೆಲಸ ಮಾಡುತ್ತಿದ್ದೀರಲ್ಲ, ಆ ಉಳಿತಾಯವನ್ನು ಇದಕ್ಕೆಂದೇ ಇಟ್ಟುಕೊಳ್ಳಿ.

ಹೊಸಪೇಟೆ ವಿದ್ಯಾರ್ಥಿ

ಎರಾಸ್ಮಸ್‌ನಲ್ಲಿ ಮೂರು ಕೋರ್ಸ್‌ಗಳಿಗಷ್ಟೇ ಅರ್ಜಿ ಹಾಕಬಹುದು ಎಂದು ನಮ್ಮ ಕಾಲೇಜಿನಲ್ಲಿ ಹೇಳುತ್ತಾರೆ. ಹೌದೇ?

ಡೆಲ್ಫ್ಟ್ ಕನ್ನಡಿಗ

ಅದು ಹಳೆಯ ನಿಯಮ. ಈಗ ಆ ಮಿತಿ ಇಲ್ಲ, ಎಷ್ಟಕ್ಕಾದರೂ ಹಾಕಬಹುದು. ಆದರೆ ಒಮ್ಮೆ ಎರಾಸ್ಮಸ್ ಮುಂಡಸ್ ವಿದ್ಯಾರ್ಥಿವೇತನ ಪಡೆದವರಿಗೆ ಇನ್ನೊಮ್ಮೆ ಸಿಗುವುದಿಲ್ಲ.

ಚನ್ನಗಿರಿ ಹುಡುಗಿ

ಲೆಕ್ಕಪತ್ರ ಸರ್, ಅಮೆರಿಕದ ಪತ್ರ ಮತ್ತೆ ಓದಿದೆ. ಒಂಬತ್ತು ತಿಂಗಳ ನೇಮಕ. ಬೇಸಿಗೆಯ ಬಗ್ಗೆ "ನಿಧಿ ಲಭ್ಯವಿದ್ದರೆ" ಎಂದಿದೆ. ಬೋಧನಾ ಶುಲ್ಕ ಮನ್ನಾ, ಆದರೆ "ಇತರ ಕಡ್ಡಾಯ ಶುಲ್ಕಗಳು ವಿದ್ಯಾರ್ಥಿಯದೇ" ಎಂದಿದೆ. ಎರಡನೇ ವರ್ಷದಿಂದ ನವೀಕರಣಕ್ಕೂ "ನಿಧಿ ಲಭ್ಯತೆಗೆ ಒಳಪಟ್ಟು" ಎಂಬ ಮಾತಿದೆ.

ಲೆಕ್ಕಪತ್ರ

ಅದೇ ನಾನು ಕೇಳಿದ್ದು. 24,000ವನ್ನು ಹನ್ನೆರಡು ತಿಂಗಳಿಗೆ ಹರಡಿದರೆ ತಿಂಗಳಿಗೆ 2,000 ಡಾಲರ್, ತೆರಿಗೆಗೆ ಮುಂಚೆ. ಆ ಹಣ ಅಲ್ಲಿ ಸಂಬಳದಂತೆ ತೆರಿಗೆಗೆ ಒಳಪಡುತ್ತದೆ. ಭಾರತ–ಅಮೆರಿಕ ತೆರಿಗೆ ಒಪ್ಪಂದದ 21ನೇ ವಿಧಿಯ ಪ್ರಕಾರ ನಮ್ಮ ವಿದ್ಯಾರ್ಥಿಗಳಿಗೆ ಆದಾಯದ ಒಂದು ನಿಗದಿತ ಭಾಗಕ್ಕೆ ಅಲ್ಲಿ ತೆರಿಗೆ ವಿನಾಯಿತಿ ಸಿಗುತ್ತದೆ. ಬೇರೆ ಅನೇಕ ದೇಶದವರಿಗೆ ಈ ಅನುಕೂಲವಿಲ್ಲ. ಆದ್ದರಿಂದ ತೆರಿಗೆ ತೀರಾ ಭಾರವಾಗದು. ಕಡ್ಡಾಯ ಶುಲ್ಕ ಮತ್ತು ವಿಮೆ ಎಷ್ಟು ಎಂಬುದನ್ನು ವಿಭಾಗದ ಕಚೇರಿಯಿಂದ ಅಂಕಿ ಸಮೇತ ತರಿಸಿಕೊಳ್ಳಿ. ಮಧ್ಯಭಾಗದ ಸಣ್ಣ ಊರಾದರೆ ಬಾಡಿಗೆ ಕಡಿಮೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಓಮಾಹಾ ಕನ್ನಡಿಗ

ಈ ಚರ್ಚೆ ಅಮೆರಿಕದ ವಿರುದ್ಧ ವಾಲುತ್ತಿದೆ, ಆದ್ದರಿಂದ ಬರೆಯುತ್ತಿದ್ದೇನೆ. ಓಗಲಾಲಾ ಜಲಪದರ ಎಂಟು ರಾಜ್ಯಗಳ ಕೆಳಗೆ ಹರಡಿದೆ. ಅಲ್ಲಿ ದಶಕಗಳಿಂದ ಅಳತೆ ಮಾಡಿಟ್ಟ ನೀರಿನ ಮಟ್ಟದ ದಾಖಲೆಗಳಿವೆ, ರೈತರು ಎಷ್ಟು ಎತ್ತಬಹುದೆಂದು ಮಿತಿ ಹಾಕುವ ಸ್ಥಳೀಯ ಮಂಡಳಿಗಳಿವೆ. ಕೊಳವೆಬಾವಿ ಬತ್ತಿದ ಮನೆಯ ಹುಡುಗಿ ಇದನ್ನು ಹತ್ತಿರದಿಂದ ನೋಡಿದರೆ ನಮ್ಮ ನಾಡಿಗೆ ಎಷ್ಟು ಉಪಯೋಗ! ಐದು ವರ್ಷ ಒಂದೇ ಪ್ರಶ್ನೆಯ ಹಿಂದೆ ಬೀಳುವ ಅವಕಾಶ ಸ್ನಾತಕೋತ್ತರದಲ್ಲಿ ಸಿಗುವುದಿಲ್ಲ.

"ನಿಧಿ ಲಭ್ಯವಿದ್ದರೆ" ಎಂಬ ಸಾಲು ಎಲ್ಲ ಪತ್ರಗಳಲ್ಲೂ ಇರುತ್ತದೆ. ಅದನ್ನು ನೋಡಿ ಹೆದರಬೇಡಿ. ಕೇಳಬೇಕಾದ ಪ್ರಶ್ನೆ ಬೇರೆ: ಮಾರ್ಗದರ್ಶಕರ ಬಳಿ ಈಗಿರುವ ಅನುದಾನ ಯಾವ ವರ್ಷದವರೆಗೆ ಇದೆ? ಅದು ಮುಗಿದರೆ ವಿಭಾಗ ಬೋಧನಾ ಸಹಾಯಕಿಯ ಹುದ್ದೆ ಕೊಡುತ್ತದೆಯೇ? ಕಳೆದ ಬೇಸಿಗೆಗಳಲ್ಲಿ ಅವರ ವಿದ್ಯಾರ್ಥಿಗಳಿಗೆ ಸಂಬಳ ಸಿಕ್ಕಿತೇ? ಮೂರನೆಯದನ್ನು ಪ್ರಾಧ್ಯಾಪಕರ ಬದಲು ಅವರ ವಿದ್ಯಾರ್ಥಿಗಳನ್ನೇ ಕೇಳಿ.

ಮಲೆನಾಡು ಮಳೆ

2025ರಲ್ಲಿ ಅಲ್ಲಿ ಸಂಶೋಧನಾ ಅನುದಾನಗಳನ್ನು ಕಡಿತ ಮಾಡಿದ್ದು, ರದ್ದು ಮಾಡಿದ್ದು ಎಲ್ಲ ಪತ್ರಿಕೆಗಳಲ್ಲಿ ಬಂದಿದೆ. ಆ ವರ್ಷದ ಮೇ ಕೊನೆಯಲ್ಲಿ ವಿದ್ಯಾರ್ಥಿ ವೀಸಾಗಳ ಹೊಸ ಸಂದರ್ಶನಗಳನ್ನೇ ನಿಲ್ಲಿಸಿ, ಜೂನ್‌ನಲ್ಲಿ ಸಾಮಾಜಿಕ ಜಾಲತಾಣಗಳ ಪರಿಶೀಲನೆಯ ಷರತ್ತಿನೊಂದಿಗೆ ಮತ್ತೆ ಆರಂಭಿಸಿದರು. ನನ್ನ ತಂಗಿಯ ಮಗ ಆಗ ಒದ್ದಾಡಿದ್ದನ್ನು ನಾನು ನೋಡಿದ್ದೇನೆ. ಮನೆಯಿಂದ ಒಂದು ರೂಪಾಯಿ ತರಲಾಗದ ಹುಡುಗಿಗೆ ಇಂಥ ಅನಿಶ್ಚಿತತೆಯ ಕಡೆ ಕೈ ತೋರಿಸುವುದು ಸರಿಯಲ್ಲ, ಓಮಾಹಾ ಸರ್.

ಬಯಲುಸೀಮೆ

ಅಷ್ಟೇ ಅಲ್ಲ, ನನ್ನ ಮಾತನ್ನು ನಾನೇ ತಿದ್ದುತ್ತೇನೆ. ಎಚ್‌–1ಬಿ ಎಂಬ ಅಮೆರಿಕದ ಕೆಲಸದ ವೀಸಾಗೆ ಒಂದು ಲಕ್ಷ ಡಾಲರ್ ಶುಲ್ಕ ಎಂದು ಘೋಷಿಸಿದ್ದಾರೆ. ಓದಿ ಮುಗಿಸಿದ ಮೇಲೆ ಕೆಲಸ ಯಾರು ಕೊಡುತ್ತಾರೆ?

ಓಮಾಹಾ ಕನ್ನಡಿಗ

ಪೂರ್ತಿ ಓದಿ. ಆ ಶುಲ್ಕ 2025ರ ಸೆಪ್ಟೆಂಬರ್‌ನಲ್ಲಿ ಬಂದದ್ದು. ಅಮೆರಿಕದೊಳಗೇ ಇದ್ದು ವಿದ್ಯಾರ್ಥಿ ವೀಸಾದಿಂದ ಬದಲಾಯಿಸಿಕೊಳ್ಳುವವರಿಗೆ ಅದು ಅನ್ವಯವಾಗುವುದಿಲ್ಲ ಎಂದು ಅದೇ ಅಕ್ಟೋಬರ್‌ನಲ್ಲಿ ಸ್ಪಷ್ಟೀಕರಣ ಬಂದಿತು. ಎಂಜಿನಿಯರಿಂಗ್, ವಿಜ್ಞಾನ ಓದಿದವರಿಗೆ ಮೊದಲು ಒಂದು ವರ್ಷ, ನಂತರ ಎರಡು ವರ್ಷ ತರಬೇತಿಯ ಹೆಸರಿನಲ್ಲಿ ಕೆಲಸ ಮಾಡುವ ಅವಕಾಶವೂ ಇದೆ. ಅರ್ಧ ಸುದ್ದಿ ಹೇಳಿ ಮಕ್ಕಳ ನಿರ್ಧಾರ ಕೆಡಿಸಬಾರದು.

ಮಲೆನಾಡು ಮಳೆ

ಸ್ಪಷ್ಟೀಕರಣ ಬಂದಿತು, ಸರಿ. ಐದು ವರ್ಷದ ನಂತರ ಇನ್ನೇನು ಬರುತ್ತದೆಂದು ಹೇಳುವವರು ಯಾರು?

ಓಮಾಹಾ ಕನ್ನಡಿಗ

ಯುರೋಪಿನಲ್ಲಿ ಏನು ಬರುತ್ತದೆಂದು ಹೇಳುವವರು ಯಾರು?

ಕರಾವಳಿ ಅಕ್ಕ

ಇಬ್ಬರೂ ಸಾಕು ಮಾಡಿ. ಆ ಹುಡುಗಿ ಕೇಳಿದ್ದು ಭವಿಷ್ಯವಾಣಿಯನ್ನಲ್ಲ.

ಚನ್ನಗಿರಿ ತಂಗಿ, ಏಪ್ರಿಲ್ 15ರ ಬಗ್ಗೆ ಒಂದು ಮಾತು. ಅಮೆರಿಕದ ಸ್ನಾತಕೋತ್ತರ ವಿದ್ಯಾಶಾಲೆಗಳ ಮಂಡಳಿಯ ನಿರ್ಣಯವೊಂದಿದೆ. ಅದಕ್ಕೆ ಸಹಿ ಹಾಕಿದ ವಿಶ್ವವಿದ್ಯಾಲಯಗಳು ಧನಸಹಾಯದ ಕೊಡುಗೆಗೆ ಏಪ್ರಿಲ್ 15ಕ್ಕಿಂತ ಮೊದಲು ಉತ್ತರ ಕೊಡಲೇಬೇಕೆಂದು ಒತ್ತಾಯಿಸುವಂತಿಲ್ಲ. ಆದ್ದರಿಂದ ಅಲ್ಲಿಯವರೆಗೆ ನಿಶ್ಚಿಂತೆಯಿಂದ ಪ್ರಶ್ನೆ ಕೇಳಿ, ಯಾರೂ ತಪ್ಪು ತಿಳಿಯುವುದಿಲ್ಲ. ನಾನು ಒಂದು ವಿಶ್ವವಿದ್ಯಾಲಯದ ಪ್ರವೇಶ ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ಪ್ರಶ್ನೆ ಕೇಳುವ ವಿದ್ಯಾರ್ಥಿಗಳೆಂದರೆ ನಮಗೆ ಗೌರವ. ಭಾರತದ ಮಕ್ಕಳು ಹಣದ ವಿಚಾರ ಕೇಳಲು ಸಂಕೋಚಪಟ್ಟು, ಬಂದ ಮೇಲೆ ಅಳುತ್ತಾರೆ. ನೋಡಿ ಹೊಟ್ಟೆ ಉರಿಯುತ್ತದೆ.

ನಿವೃತ್ತ ಉಪನ್ಯಾಸಕ, ಧಾರವಾಡ

ವಿದ್ಯಾರ್ಥಿವೇತನದ ಷರತ್ತುಗಳ ಬಗ್ಗೆ ಯಾರೂ ಮಾತಾಡಿಲ್ಲ. ಡಾ. ಬಿ.ಆರ್. ಅಂಬೇಡ್ಕರ್ ಅವರು 1913ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದದ್ದು ಬರೋಡಾ ಮಹಾರಾಜರ ವಿದ್ಯಾರ್ಥಿವೇತನದಲ್ಲಿ. ತಿಂಗಳಿಗೆ ಹನ್ನೊಂದೂವರೆ ಪೌಂಡ್, ಮೂರು ವರ್ಷ. ಓದು ಮುಗಿದ ಮೇಲೆ ಸಂಸ್ಥಾನದ ಸೇವೆ ಮಾಡಬೇಕೆಂಬ ಷರತ್ತು. 1917ರಲ್ಲಿ ಆ ಹಣ ನಿಂತಾಗ ಅವರು ಲಂಡನ್ನಿನ ಓದನ್ನು ಅರ್ಧಕ್ಕೆ ಬಿಟ್ಟು ಬರೋಡಾಕ್ಕೆ ಬರಬೇಕಾಯಿತು. ಅಲ್ಲಿ ಅಸ್ಪೃಶ್ಯರೆಂಬ ಕಾರಣಕ್ಕೆ ಇರಲು ಮನೆಯೇ ಸಿಗಲಿಲ್ಲ. ಮತ್ತೆ ಲಂಡನ್ನಿಗೆ ಹೋಗಲು 1920ರವರೆಗೆ ಕಾಯಬೇಕಾಯಿತು. ಅಂಥ ಮೇಧಾವಿಯ ಓದಿಗೂ ಹಣದ ಗಡುವು ಅಡ್ಡ ಬಂದಿತೆಂದರೆ ನಮ್ಮ ಮಕ್ಕಳು ಆ ಕಾಗದವನ್ನು ಎಷ್ಟು ಎಚ್ಚರದಿಂದ ಓದಬೇಕು!

ಇಂದೂ ಹಾಗೆಯೇ. ಬ್ರಿಟನ್ನಿನ ಚೀವ್‌ನಿಂಗ್ ವಿದ್ಯಾರ್ಥಿವೇತನ ಪಡೆದವರು ಸ್ವದೇಶಕ್ಕೆ ಮರಳಿ ಎರಡು ವರ್ಷ ಇರಬೇಕು. ಫುಲ್‌ಬ್ರೈಟ್–ನೆಹರೂ ಎಂಬ ಅಮೆರಿಕದ ಓದಿನ ವಿದ್ಯಾರ್ಥಿವೇತನ ಪಡೆದವರಿಗೂ ಎರಡು ವರ್ಷದ ಸ್ವದೇಶ ವಾಸದ ನಿಯಮವಿದೆ. ಸಿಂಗಪುರದಲ್ಲಿ ಸರ್ಕಾರದ ಶುಲ್ಕ ಸಹಾಯಧನ ಪಡೆದು ಓದಿದ ವಿದೇಶಿಯರು ಮೂರು ವರ್ಷ ಅಲ್ಲೇ ಕೆಲಸ ಮಾಡಬೇಕು. ಅಮ್ಮಾ, ನಿನ್ನ ಮೂರರಲ್ಲಿ ಯಾವುದಕ್ಕೆ ಇಂಥ ಕಟ್ಟುಪಾಡಿದೆ?

ಚನ್ನಗಿರಿ ಹುಡುಗಿ

ಯಾವುದಕ್ಕೂ ಇಲ್ಲ ಗುರುಗಳೇ. ಇದ್ದಿದ್ದರೂ ನನಗೆ ಬೇಸರವಿರಲಿಲ್ಲ, ನಾನು ಹಿಂತಿರುಗಲೆಂದೇ ಹೋಗುತ್ತಿದ್ದೇನೆ.

ಬಯಲುಸೀಮೆ

ಎಲ್ಲರೂ ಹಾಗೆಯೇ ಹೇಳಿ ಹೋಗುತ್ತಾರೆ.

ಕರಾವಳಿ ಅಕ್ಕ

ಹೋದವರು ಅಲ್ಲೇ ಉಳಿದರೆ ಅದೂ ಅವರ ಬದುಕು. ಊರಿಗೆ ಹಣ ಕಳುಹಿಸಿ ತಮ್ಮಂದಿರನ್ನು ಓದಿಸಿದವರೆಷ್ಟು ಮಂದಿ ಇಲ್ಲ? ಇಪ್ಪತ್ತನಾಲ್ಕರ ಹುಡುಗಿಯಿಂದ ಜೀವಮಾನದ ಪ್ರಮಾಣಪತ್ರ ಬರೆಸಿಕೊಳ್ಳಬೇಡಿ.

ಗುಂಡ್ಲುಪೇಟೆ

ನಾನು ಕೇಳಬೇಕೆಂದಿರುವುದು ಮೂಲಭೂತ ಪ್ರಶ್ನೆ. ಕರ್ನಾಟಕದ ಬಹುಭಾಗದ ಕೆಳಗಿರುವುದು ಗಟ್ಟಿ ಶಿಲೆ, ಗ್ರಾನೈಟ್ ಮತ್ತು ನೈಸ್. ನೀರು ನಿಲ್ಲುವುದು ಶಿಥಿಲಗೊಂಡ ಮೇಲ್ಪದರದಲ್ಲಿ ಮತ್ತು ಬಂಡೆಯ ಬಿರುಕುಗಳಲ್ಲಿ. ಡೆಲ್ಫ್ಟ್‌ನ ಕೆಳಗಿರುವುದು ನದಿಮುಖದ ಮರಳು, ಜೇಡಿ, ಕೊಳೆತ ಸಸ್ಯಗಳ ಮಣ್ಣು. ಓಗಲಾಲಾದಲ್ಲಿಯೂ ಮರಳು, ಜಲ್ಲಿ. ಅಲ್ಲಿ ಕಲಿತ ಮಾದರಿಗಳನ್ನು ತಂದು ಚನ್ನಗಿರಿಯ ಬಂಡೆಯ ಮೇಲೆ ಹೇರಿದರೆ ನಡೆಯುವುದಿಲ್ಲ. ನಮ್ಮ ಗುಂಡ್ಲುಪೇಟೆ ತಾಲ್ಲೂಕಿನ ಬೇರಂಬಾಡಿಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರು ಫ್ರೆಂಚ್ ವಿಜ್ಞಾನಿಗಳ ಜತೆ ವರ್ಷಗಟ್ಟಲೆ ಕೊಳವೆಬಾವಿಗಳ ಮಟ್ಟ ಅಳೆದಿದ್ದಾರೆ. ನಮ್ಮ ಹೊಲದ ಬಾವಿಗೂ ಬಂದು ಅಳೆದುಕೊಂಡು ಹೋಗುತ್ತಿದ್ದರು. ಗಟ್ಟಿ ಶಿಲೆಯ ಅಂತರ್ಜಲ ಕಲಿಯಬೇಕಾದರೆ ಬೆಂಗಳೂರಿನಲ್ಲೇ ಕಲಿಯಿರಿ. ಪ್ರಧಾನಮಂತ್ರಿ ಸಂಶೋಧನಾ ಫೆಲೋಶಿಪ್ ಮೊದಲೆರಡು ವರ್ಷ ತಿಂಗಳಿಗೆ 70,000 ರೂಪಾಯಿ ಕೊಟ್ಟದ್ದುಂಟು. ಊಟಕ್ಕೂ ಚಿಂತೆಯಿಲ್ಲ, ಅಪ್ಪ ಅಮ್ಮನೂ ಹತ್ತಿರ.

ಸುಕುಬಾ ನಿವಾಸಿ

ಇದು ಇಡೀ ಚರ್ಚೆಯಲ್ಲೇ ಅತ್ಯುತ್ತಮ ಮಾತು.

ಡೆಲ್ಫ್ಟ್ ಕನ್ನಡಿಗ

ಒಳ್ಳೆಯ ಮಾತು, ಆದರೆ ಅರ್ಧ ಒಪ್ಪುತ್ತೇನೆ. ಎರಾಸ್ಮಸ್ ಕೋರ್ಸ್‌ನ ಕೊನೆಯ ಅರ್ಧವರ್ಷ ಪ್ರಬಂಧಕ್ಕೆ ಮೀಸಲು. ಅನೇಕರು ತಮ್ಮ ದೇಶದ ಪ್ರದೇಶವನ್ನೇ ಅಧ್ಯಯನಕ್ಕೆ ಆರಿಸಿಕೊಳ್ಳುತ್ತಾರೆ. ನನ್ನ ಜತೆ ಇದ್ದ ಇಥಿಯೋಪಿಯಾದವರು ತಮ್ಮ ಕಣಿವೆಯ ಮೇಲೆಯೇ ಬರೆದರು. ಬೇರಂಬಾಡಿಯಂಥ ಕಡೆಯ ಪ್ರಕಟಿತ ಮಾಹಿತಿಯನ್ನು ಹಿಡಿದು ಡ್ರೆಸ್ಡೆನ್‌ನಲ್ಲಿ ಕೂತು ಪ್ರಬಂಧ ಬರೆಯಲು ಅಡ್ಡಿಯಿಲ್ಲ. ಸಂಖ್ಯಾತ್ಮಕ ಮಾದರಿ ರಚನೆ, ಹವಾಮಾನದ ಪರಿಣಾಮ, ನೀರಿನ ಆಡಳಿತ, ಇವೆಲ್ಲ ಬಂಡೆಯಾದರೂ ಮರಳಾದರೂ ಬೇಕು. ಮರಳಿನಲ್ಲಿ ಹಿಡಿತ ಸಿಕ್ಕಿದವರಿಗೆ ಬಂಡೆಯಲ್ಲಿ ಎಲ್ಲಿ ಸೂತ್ರ ಮುರಿಯುತ್ತದೆಂದು ಬೇಗ ಹೊಳೆಯುತ್ತದೆ.

ಗುಂಡ್ಲುಪೇಟೆ

ಪ್ರಬಂಧದ ವಿಷಯವನ್ನು ಅವರೇ ಆರಿಸಿಕೊಳ್ಳಲು ಬಿಡುತ್ತಾರೆಂದು ಖಾತ್ರಿಯಾದರೆ ನನ್ನ ತಕರಾರಿಲ್ಲ. ಅದನ್ನೂ ಬರೆದು ಕೇಳಲಿ. ಅಮೆರಿಕದಲ್ಲಿ ಆ ಸ್ವಾತಂತ್ರ್ಯವಿರುವುದಿಲ್ಲ. ಅನುದಾನ ಓಗಲಾಲಾದ್ದಾದರೆ ಐದು ವರ್ಷವೂ ಓಗಲಾಲಾವೇ.

ಓಮಾಹಾ ಕನ್ನಡಿಗ

ಇದನ್ನು ಒಪ್ಪುತ್ತೇನೆ. ಸಂಶೋಧನಾ ಸಹಾಯಕರ ವಿಷಯವನ್ನು ಅನುದಾನವೇ ನಿರ್ಧರಿಸುತ್ತದೆ.

ಕೊಪ್ಪಳ ಕಿರಣ

ಸರ್ಕಾರಿ ನೌಕರಿಯ ದೃಷ್ಟಿಯಿಂದಲೂ ನೋಡಿ. ಕೇಂದ್ರ ಅಂತರ್ಜಲ ಮಂಡಳಿಯ ವಿಜ್ಞಾನಿ ಹುದ್ದೆಗೆ ಕೇಂದ್ರ ಲೋಕಸೇವಾ ಆಯೋಗ ನಡೆಸುವ ಭೂವಿಜ್ಞಾನಿಗಳ ಪರೀಕ್ಷೆ ಬರೆಯಬೇಕು. ಅದಕ್ಕೆ ಭೂವಿಜ್ಞಾನ, ಅನ್ವಯಿಕ ಭೂವಿಜ್ಞಾನ, ಜಲಭೂವಿಜ್ಞಾನದಂಥ ವಿಷಯದಲ್ಲಿ ಸ್ನಾತಕೋತ್ತರ ಪದವಿ ಕೇಳುತ್ತಾರೆ. ನಿಮ್ಮ ಪದವಿ ಪ್ರಮಾಣಪತ್ರದ ಮೇಲೆ ಯಾವ ಹೆಸರು ಮುದ್ರಿತವಾಗುತ್ತದೆ ಎಂಬುದು ಇಲ್ಲಿ ಮುಖ್ಯ. ಮೂರು ವಿಶ್ವವಿದ್ಯಾಲಯಗಳು ಸೇರಿ ಒಂದೇ ಪದವಿ ಕೊಡುತ್ತವೆಯೇ, ಪ್ರತ್ಯೇಕವಾಗಿ ಕೊಡುತ್ತವೆಯೇ ಎಂದೂ ಕೇಳಿಕೊಳ್ಳಿ. ನನ್ನ ಗೆಳತಿಯೊಬ್ಬಳು ವಿದೇಶದ ಒಳ್ಳೆಯ ಪದವಿಯೊಂದಿಗೆ ಬಂದು, ಸಹಾಯಕ ಪ್ರಾಧ್ಯಾಪಕಿಯ ಹುದ್ದೆಗೆ ಅರ್ಜಿ ಹಾಕಿದಾಗ ತತ್ಸಮಾನ ಪ್ರಮಾಣಪತ್ರಕ್ಕಾಗಿ ತಿಂಗಳುಗಟ್ಟಲೆ ಅಲೆದಳು. 2025ರಲ್ಲಿ ಯುಜಿಸಿ ವಿದೇಶಿ ಪದವಿಗಳ ಮಾನ್ಯತೆಗೆ ಹೊಸ ನಿಯಮಾವಳಿ ತಂದಿದೆ, ಅದನ್ನು ಹೊರಡುವ ಮೊದಲೇ ಓದಿಕೊಳ್ಳಿ.

ನಿವೃತ್ತ ಉಪನ್ಯಾಸಕ, ಧಾರವಾಡ

ಬಹಳ ಉಪಯುಕ್ತ. ಬ್ರಿಟನ್ನಿನ ಒಂದು ವರ್ಷದ ಸ್ನಾತಕೋತ್ತರಕ್ಕೆ ಇದೇ ಗೋಳಿತ್ತು. 2022ರ ಜುಲೈನಲ್ಲಿ ಎರಡೂ ದೇಶಗಳು ಪರಸ್ಪರ ಮಾನ್ಯತೆಯ ಒಪ್ಪಂದಕ್ಕೆ ಸಹಿ ಹಾಕಿದ ಮೇಲೆ ದಾರಿ ತೆರೆಯಿತು.

ಮಲೆನಾಡು ಮಳೆ

ಊಟದ ವಿಚಾರ ಯಾರೂ ಹೇಳಲಿಲ್ಲ. ತಂಗಿ ಸಸ್ಯಾಹಾರಿಯೇ? ಜಪಾನಿನಲ್ಲಿ ಮೀನಿನ ಸಾರು ಇಲ್ಲದ ತಿನಿಸು ಹುಡುಕುವುದು ಕಷ್ಟವಂತೆ.

ಸುಕುಬಾ ನಿವಾಸಿ

ಹೊರಗೆ ಕಷ್ಟ, ಮನೆಯಲ್ಲಿ ಕಷ್ಟವಿಲ್ಲ. ಬೇಳೆ, ಸಾಸಿವೆ, ಹುಣಸೆ ಎಲ್ಲವೂ ಭಾರತೀಯ, ನೇಪಾಳಿ ಅಂಗಡಿಗಳಲ್ಲಿ ಸಿಗುತ್ತವೆ. ರಾಗಿ ಹಿಟ್ಟು ಮಾತ್ರ ಊರಿನಿಂದ ತರಿಸಿಕೊಳ್ಳುತ್ತೇನೆ. ಭಾಷೆಯೇ ನಿಜವಾದ ಅಡ್ಡಗೋಡೆ. ತರಗತಿ ಇಂಗ್ಲಿಷಿನಲ್ಲಿರಬಹುದು, ಆದರೆ ನಗರಸಭೆಯ ಕಾಗದ, ಆಸ್ಪತ್ರೆ, ಮನೆ ಬಾಡಿಗೆಯ ಕರಾರು ಎಲ್ಲವೂ ಜಪಾನಿಯಲ್ಲಿ. ಕಲಿತವರಿಗೆ ಇಲ್ಲಿ ಕೆಲಸವೂ ಸಿಗುತ್ತದೆ, ಸ್ನೇಹವೂ ಸಿಗುತ್ತದೆ.

ಹೊಸಪೇಟೆ ವಿದ್ಯಾರ್ಥಿ

ಡ್ರೆಸ್ಡೆನ್‌ನಲ್ಲಿ ಜರ್ಮನ್ ಬೇಕಲ್ಲವೇ?

ಡೆಲ್ಫ್ಟ್ ಕನ್ನಡಿಗ

ಓದಿಗೆ ಬೇಡ, ಬದುಕಿಗೆ ಬೇಕು. ಅಲ್ಲೇ ಕೆಲಸ ಹುಡುಕುವುದಾದರೆ ಖಂಡಿತ ಬೇಕು. ಜರ್ಮನಿಯ ಪದವಿ ಪಡೆದವರಿಗೆ ಕೆಲಸ ಹುಡುಕಲು ಹದಿನೆಂಟು ತಿಂಗಳ ಪರವಾನಗಿ ಕೊಡುತ್ತಾರೆ. ನೆದರ್ಲ್ಯಾಂಡ್ಸ್‌ನಲ್ಲಿ ಒಂದು ವರ್ಷ, ಎರಾಸ್ಮಸ್ ಮುಂಡಸ್ ಮುಗಿಸಿದವರಿಗೂ ಅದು ಸಿಗುತ್ತದೆ.

ತುಂಗಭದ್ರಾ

ನಡುವೆ ಒಂದು ಮಾತು. ಇದನ್ನು ಓದುತ್ತಿರುವ ದಲಿತ, ಆದಿವಾಸಿ ಮನೆಗಳ ಮಕ್ಕಳಿಗಾಗಿ ಬರೆಯುತ್ತಿದ್ದೇನೆ. ವಿಶ್ವವಿದ್ಯಾಲಯ ಪ್ರವೇಶ ಕೊಟ್ಟು ಹಣ ಕೊಡದಿದ್ದರೆ ಅಲ್ಲಿಗೇ ಬಿಡಬೇಡಿ. ವಿದೇಶದಲ್ಲಿ ಓದಲು ನೆರವಾಗುವ ನಮ್ಮ ರಾಜ್ಯದ ಸಮಾಜ ಕಲ್ಯಾಣ ಇಲಾಖೆಯ ಪ್ರಬುದ್ಧ ಯೋಜನೆ ಇದೆ. ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯ, ಭೂರಹಿತ ಕೃಷಿ ಕೂಲಿಕಾರರು, ಸಾಂಪ್ರದಾಯಿಕ ಕುಶಲಕರ್ಮಿಗಳ ಮಕ್ಕಳಿಗೆ ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವಿದೆ, ಕುಟುಂಬದ ಆದಾಯ ವರ್ಷಕ್ಕೆ 8 ಲಕ್ಷದೊಳಗಿರಬೇಕು. 2022ರಲ್ಲಿ ಭಾರತದ ಸಂಸ್ಕೃತಿ, ಇತಿಹಾಸ, ಸಮಾಜ ಕುರಿತ ವಿಷಯಗಳನ್ನು ಅದರಿಂದ ಕೈಬಿಟ್ಟರು. ಜಾತಿಯ ಬಗ್ಗೆ ಹೊರದೇಶದಲ್ಲಿ ಓದಬೇಕೆಂದಿದ್ದ ನಮ್ಮವರಿಗೆ ಇದು ದೊಡ್ಡ ಪೆಟ್ಟು, ಆ ನಿರ್ಧಾರ ಹಿಂದಕ್ಕೆ ಹೋಗಬೇಕು. ತಹಶೀಲ್ದಾರರ ಆದಾಯ ಪ್ರಮಾಣಪತ್ರವನ್ನು ಈಗಲೇ ಮಾಡಿಸಿಟ್ಟುಕೊಳ್ಳಿ.

ಕರಾವಳಿ ಅಕ್ಕ

ಇದನ್ನು ಪ್ರತ್ಯೇಕ ಚರ್ಚೆಯಾಗಿ ಹಾಕಿ, ದಯವಿಟ್ಟು. ಇಲ್ಲಿ ಕಳೆದುಹೋಗಬಾರದು.

ತುಂಗಭದ್ರಾ

ಹಾಕುತ್ತೇನೆ ಅಕ್ಕ.

ಚನ್ನಗಿರಿ ಹುಡುಗಿ

ಎಲ್ಲರ ಸಲಹೆಯಂತೆ ಬರೆದು ಕೇಳಿದೆ. ಉತ್ತರಗಳು ಬಂದಿವೆ.

ಎರಾಸ್ಮಸ್ ಸಂಯೋಜಕರು: ಡೆಲ್ಫ್ಟ್‌ನಲ್ಲಿ ಸಂಸ್ಥೆಯೇ ಕೋಣೆ ಕಾಯ್ದಿರಿಸುತ್ತದೆ, ಬಾಡಿಗೆ ನಮ್ಮದು. ಲಿಸ್ಬನ್‌ನಲ್ಲಿ ನಾವೇ ಹುಡುಕಬೇಕು, ಹಿಂದಿನ ತಂಡದವರ ಸಂಪರ್ಕ ಕೊಡುತ್ತಾರೆ. ವಿಮೆ ಅವರದು. ಪ್ರಬಂಧಕ್ಕೆ ಸ್ವಂತ ದೇಶದ ಪ್ರದೇಶ ಆರಿಸಿಕೊಳ್ಳಬಹುದು, ಮಾರ್ಗದರ್ಶಕರು ಒಪ್ಪಬೇಕು, ಮಾಹಿತಿ ಮೊದಲೇ ಕೈಯಲ್ಲಿರಬೇಕು.

ಅಮೆರಿಕದ ಪ್ರಾಧ್ಯಾಪಕರು ತುಂಬ ಪ್ರಾಮಾಣಿಕವಾಗಿ ಬರೆದರು. ಅನುದಾನ ಎರಡು ವರ್ಷಕ್ಕಿದೆ. ನವೀಕರಣಕ್ಕೆ ಅರ್ಜಿ ಹಾಕಿದ್ದಾರೆ. ಸಿಗದಿದ್ದರೆ ಬೋಧನಾ ಸಹಾಯಕಿಯ ಹುದ್ದೆಗೆ ಪ್ರಯತ್ನಿಸುತ್ತಾರೆ, ಖಾತ್ರಿ ಕೊಡಲಾರರು. ಅವರ ಇಬ್ಬರು ವಿದ್ಯಾರ್ಥಿಗಳೊಂದಿಗೆ ಮಾತಾಡಿದೆ. ಒಬ್ಬರಿಗೆ ಕಳೆದ ಬೇಸಿಗೆ ಸಂಬಳ ಸಿಕ್ಕಿತ್ತು, ಇನ್ನೊಬ್ಬರಿಗೆ ಇಲ್ಲ. ಇಬ್ಬರೂ ಆ ಪ್ರಾಧ್ಯಾಪಕರನ್ನು ಹೊಗಳಿದರು.

ಜಪಾನಿನವರು ಜೂನ್‌ವರೆಗೆ ಕಾಯಿರಿ ಎಂದರು.

ಲೆಕ್ಕಪತ್ರ

ಸಾಲ ಬೇಡವೆಂಬುದೇ ಅಪ್ಪನ ಷರತ್ತಾದರೆ ಉತ್ತರ ನಿಮ್ಮ ಮುಂದಿದೆ. ಎರಡು ವರ್ಷ ಪೂರ್ತಿ, ಪ್ರತಿ ತಿಂಗಳು, ಯಾರ ಅನುದಾನಕ್ಕೂ ಕಾಯದೆ ಬರುವ ಹಣ ಒಂದೇ. ಲಿಸ್ಬನ್, ಡೆಲ್ಫ್ಟ್‌ನಲ್ಲಿ ಬಿಗಿಯಾಗುತ್ತದೆ, ಡ್ರೆಸ್ಡೆನ್‌ನಲ್ಲಿ ಸರಿದೂಗುತ್ತದೆ.

ಓಮಾಹಾ ಕನ್ನಡಿಗ

ನನಗೂ ಈಗ ಹಾಗೆಯೇ ಅನ್ನಿಸುತ್ತದೆ. ಎರಡು ವರ್ಷ ಖಾತ್ರಿ, ಉಳಿದ ಮೂರು ವರ್ಷ ಪ್ರಯತ್ನ ಎಂದರೆ ಹಿಂದೆ ಆಸರೆಯಿರುವವರಿಗೆ ಸರಿ. ಆದರೆ ಆ ಪ್ರಾಧ್ಯಾಪಕರ ಜತೆ ಸಂಪರ್ಕ ಬಿಡಬೇಡಿ. ಇಷ್ಟು ನೇರವಾಗಿ ಬರೆಯುವವರು ಅಪರೂಪ. ಸ್ನಾತಕೋತ್ತರ ಮುಗಿಸಿ ಪಿಎಚ್‌ಡಿಗೆ ಅವರನ್ನೇ ಕೇಳಬಹುದು.

ಗುಂಡ್ಲುಪೇಟೆ

ಪ್ರಬಂಧಕ್ಕೆ ಬಂಡೆಯ ಪ್ರದೇಶವನ್ನೇ ಆರಿಸಿಕೊಳ್ಳಿ. ಬೇರಂಬಾಡಿಗೆ ಬರುವುದಾದರೆ ನಮ್ಮ ಮನೆಯಲ್ಲಿ ಊಟ.

ಚನ್ನಗಿರಿ ಹುಡುಗಿ

ಎರಾಸ್ಮಸ್ ಒಪ್ಪಿಕೊಂಡು ಈಗಷ್ಟೇ ಬರೆದೆ. ಅಪ್ಪನಿಗೆ ಫೋನ್ ಮಾಡಿ ಹೇಳಿದೆ, ಸಾಲ ಬೇಡ ಎಂಬುದನ್ನು ಎರಡು ಸಲ ಕೇಳಿ ಖಚಿತಪಡಿಸಿಕೊಂಡರು. ಅಮ್ಮನಿಗೆ ಮೂರು ದೇಶ ಎಂದರೆ ಇನ್ನೂ ಆತಂಕವಿದೆ. ಜಪಾನಿನ ಪ್ರಾಧ್ಯಾಪಕರಿಗೂ ಅಮೆರಿಕದವರಿಗೂ ಏನೆಂದು ಬರೆಯಲಿ? ಜಪಾನಿನದಕ್ಕೆ ಜೂನ್‌ವರೆಗೆ ಸುಮ್ಮನಿದ್ದರೆ ತಪ್ಪೇ?

ಸುಕುಬಾ ನಿವಾಸಿ

ತಪ್ಪು. ಇಂದೇ ಬರೆಯಿರಿ. ವಿಶ್ವವಿದ್ಯಾಲಯ ಕಳುಹಿಸಬಹುದಾದ ಹೆಸರುಗಳಿಗೆ ಮಿತಿಯಿದೆ. ನೀವು ಬೇಗ ಹಿಂದೆ ಸರಿದರೆ ಆ ಜಾಗ ಬೇರೊಬ್ಬರಿಗೆ ಸಿಗುವ ಸಾಧ್ಯತೆ ಉಳಿಯುತ್ತದೆ. ಆಯ್ಕೆಯ ನಂತರ ಬಿಟ್ಟರೆ ಆ ಜಾಗ ವ್ಯರ್ಥ, ಮುಂದಿನ ವರ್ಷ ನಮ್ಮ ಕಡೆಯಿಂದ ಹೋಗುವವರ ಮೇಲೆ ಪ್ರಾಧ್ಯಾಪಕರಿಗೆ ಭರವಸೆಯೂ ಕುಂದುತ್ತದೆ. ಮೊದಲು ಕ್ಷಮೆ ಕೇಳಿ, ಕಾರಣವನ್ನು ನೇರವಾಗಿ ತಿಳಿಸಿ, ಅವರು ನಿಮಗಾಗಿ ಬರೆದ ಶಿಫಾರಸಿಗೆ ಕೃತಜ್ಞತೆ ಹೇಳಿ. ನಾಲ್ಕು ಸಾಲು ಸಾಕು.

ಕರಾವಳಿ ಅಕ್ಕ

ಅಮೆರಿಕದವರಿಗೂ 15ರವರೆಗೆ ಕಾಯಿಸದೆ ಈಗಲೇ ತಿಳಿಸಿ. ಕಾಯುವ ಪಟ್ಟಿಯಲ್ಲಿರುವ ಮಕ್ಕಳು ಆ ಒಂದು ವಾರದಲ್ಲಿ ಬೇರೆ ಕಡೆ ಒಪ್ಪಿಕೊಂಡುಬಿಡುತ್ತಾರೆ.

ಚನ್ನಗಿರಿ ಹುಡುಗಿ

ಎರಡೂ ಕಡೆ ಕಳುಹಿಸಿದೆ.

ಹೊಸಪೇಟೆ ವಿದ್ಯಾರ್ಥಿ

ಅಕ್ಕ, ಅಭಿನಂದನೆಗಳು. ನಾನು ಅಂತಿಮ ವರ್ಷದಲ್ಲಿದ್ದೇನೆ. ಹಂಗೇರಿ ಸರ್ಕಾರದ ವಿದ್ಯಾರ್ಥಿವೇತನವೂ ಪೂರ್ಣ ಎನ್ನುತ್ತಾರೆ, ಅದು ಹೇಗಿದೆ ಯಾರಾದರೂ ಹೇಳುವಿರಾ?

ಲೆಕ್ಕಪತ್ರ

ಬೋಧನಾ ಶುಲ್ಕ ಕಟ್ಟಬೇಕಾಗಿಲ್ಲ, ವಸತಿನಿಲಯ ಕೊಡುತ್ತಾರೆ, ಇಲ್ಲವೇ ಬಾಡಿಗೆಗೆ 40,000 ಫೋರಿಂಟ್ ಸಹಾಯ. ಆದರೆ ಸ್ನಾತಕೋತ್ತರದವರಿಗೆ ತಿಂಗಳ ವೇತನ 43,700 ಫೋರಿಂಟ್, ಅಂದರೆ ನೂರಕ್ಕಿಂತ ಸ್ವಲ್ಪ ಹೆಚ್ಚು ಯೂರೋ. ಬುಡಾಪೆಸ್ಟ್‌ನಲ್ಲಿ ಅದು ಊಟಕ್ಕೂ ಸಾಲದು. ಮನೆಯಿಂದ ಪ್ರತಿ ತಿಂಗಳು ಹಣ ಕಳುಹಿಸಲು ಸಾಧ್ಯವೇ ಎಂದು ಮೊದಲು ನೋಡಿಕೊಂಡು ಅರ್ಜಿ ಹಾಕಿ.